ಗಂಟೆಯಕ್ಕನ ಇಪ್ಪತ್ತು ನಿಮಿಷ

ಗಂಟೆಯಕ್ಕನ ಬಾಯಲ್ಲಿ "ಸುಮಾರು" ಎಂಬ ಮಾತನ್ನು ಕೇಳಿದವರಿಲ್ಲ. ಸುಮಾರು ಹತ್ತು ಗಂಟೆ, ಸುಮಾರು ಅರ್ಧ ತಾಸು ಎನ್ನುವುದೆಲ್ಲ ಸೋಮಾರಿಗಳ ಭಾಷೆ ಎಂದು ಆಕೆಯ ತೀರ್ಮಾನ. ಮೂವತ್ತನಾಲ್ಕು ವರ್ಷ ಬಸ್ ಡಿಪೋದ ಗಾಜಿನ ಕಿಟಕಿಯ ಹಿಂದೆ ಕೂತು, ಯಾವ ಬಸ್ಸು ಎಷ್ಟು ಹೊತ್ತಿಗೆ ಹೊರಟಿತು ಎಂದು ಬರೆದುಕೊಂಡವಳು. ಯಾವನಾದರೂ ಡ್ರೈವರು ಚಹಾದ ಲೋಟ ಹಿಡಿದು ಒಂದು ನಿಮಿಷ ಹರಟೆ ಹೊಡೆದನೋ, ಪೆನ್ನಿನಿಂದ ಗಾಜಿನ ಮೇಲೆ ಟಕ್ ಟಕ್ ಎಂದು ಬಡಿಯುತ್ತಿದ್ದಳು. ಆತ ಚಹಾ ಚೆಲ್ಲಿ ಓಡುತ್ತಿದ್ದ. ನಿವೃತ್ತಿಯ ದಿನ ಡಿಪೋದವರು ಉಡುಗೊರೆಯಾಗಿ ಕೊಟ್ಟದ್ದು ಒಂದು ಗೋಡೆ ಗಡಿಯಾರ. ವಾರಕ್ಕೆ ಎರಡು ನಿಮಿಷ ಹಿಂದೆ ಬೀಳುತ್ತದೆಂದು ಹದಿನೈದೇ ದಿನಕ್ಕೆ ಅದನ್ನು ಅಂಗಡಿಗೆ ಹೊತ್ತುಕೊಂಡು ಹೋಗಿ, ಅಂಗಡಿಯವನಿಗೆ ನಾಲ್ಕು ಮಾತು ಅಂದು, ಬದಲಾಯಿಸಿಕೊಂಡು ಬಂದಳು. ಇಂಥವಳು ಅರವತ್ತಮೂರನೆಯ ವಯಸ್ಸಿನಲ್ಲಿ ಸುಳ್ಳು ಹೊತ್ತು ಬರೆದಳು ಎಂದರೆ ನಂಬುತ್ತೀರಾ? ಬರೆದಳು. ಅದೂ ತನ್ನದೇ ದುಂಡನೆಯ ಅಕ್ಷರದಲ್ಲಿ.

ಊರಿನ ಅಂಚಿಗಿರುವ ದೊಡ್ಡ ಕೆರೆಯ ದಡದಲ್ಲಿ ಒಂದು ಹಾಯಿದೋಣಿ ಕ್ಲಬ್ಬಿದೆ. ಕ್ಲಬ್ಬು ಎಂದಕೂಡಲೇ ಮೆತ್ತನೆಯ ಕುರ್ಚಿ, ಕೋಟು ತೊಟ್ಟ ಮಾಣಿ ಎಂದುಕೊಳ್ಳಬೇಡಿ. ತಗಡಿನ ಮಾಡಿನ ಒಂದು ಉದ್ದನೆಯ ಕೋಣೆ, ಒಂದು ಮೂಲೆಯಲ್ಲಿ ಎರಡು ಉರಿಯ ಒಲೆ, ಒದ್ದೆ ಕಾಲುಚೀಲ ಒಣಹಾಕಲು ಗೋಡೆಯಿಂದ ಗೋಡೆಗೆ ಕಟ್ಟಿದ ತಂತಿ, ನೀರಿನೊಳಕ್ಕೆ ಚಾಚಿಕೊಂಡ ಮರದ ಕಟ್ಟೆ, ಹದಿನಾಲ್ಕು ಪುಟ್ಟ ದೋಣಿಗಳು. ಇಬ್ಬರು ಕೂತರೆ ಮೂರನೆಯವರು ಉಸಿರು ಬಿಗಿಹಿಡಿದು ಕೂರಬೇಕಾದ ದೋಣಿಗಳು. ಹಲ್ಲಿನ ಡಾಕ್ಟರು ಅಧ್ಯಕ್ಷರು. ನಲ್ಲಿ ರಿಪೇರಿ ಮಾಡುವ ಕೊಳಾಯಿಯವನು ಯಾರಾದರೂ ಮಗುಚಿದರೆ ಎತ್ತಿಕೊಂಡು ಬರುವ ಮೋಟಾರು ದೋಣಿಯ ಯಜಮಾನ. ಮಿಕ್ಕೆಲ್ಲಕ್ಕೂ ಗಂಟೆಯಕ್ಕ.

ವರ್ಷಕ್ಕೊಮ್ಮೆ, ಚಳಿ ಮೂಳೆಗೆ ಇಳಿಯುವ ತಿಂಗಳಲ್ಲಿ, ಒಂದು ಭಾನುವಾರ ಚಳಿಗಾಲದ ಪಂದ್ಯ. ಅದು ಮುಗಿದ ಮೇಲೆ ಎಲ್ಲರಿಗೂ ಊಟ. ಆ ಒಂದು ದಿನಕ್ಕಾಗಿ ಗಂಟೆಯಕ್ಕ ಆರು ವಾರ ಮೊದಲೇ ಸೆರಗು ಸೊಂಟಕ್ಕೆ ಸಿಕ್ಕಿಸುತ್ತಿದ್ದಳು. ಯಾರು ಬ್ರೆಡ್ಡು ತರುತ್ತಾರೆ, ಯಾರು ಆಲೂಗಡ್ಡೆ, ಸೂಪಿಗೆ ಬಟಾಣಿ ಯಾರು ನೆನೆಹಾಕುತ್ತಾರೆ, ತಟ್ಟೆ ಮೂವತ್ತೊಂದೇ ಇರುವಾಗ ಬರುವವರು ಮೂವತ್ತಾರಾದರೆ ಯಾವ ಐವರು ಮನೆಯಿಂದ ತಟ್ಟೆ ತರಬೇಕು, ಎಲ್ಲಕ್ಕೂ ಪಟ್ಟಿ. "ನೋಡೋಣ ಅಕ್ಕ, ಆದ್ರೆ ಬರ್ತೀನಿ" ಎಂದು ಫೋನಿನಲ್ಲಿ ಯಾರಾದರೂ ರಾಗ ಎಳೆದರೆ, "ಆದ್ರೆ ಅನ್ನೋರಿಗೆ ನಾನು ಆಲೂಗಡ್ಡೆ ಬೇಯಿಸಲ್ಲ. ಬರ್ತೀರೋ ಇಲ್ವೋ?" ಎಂದು ಕಡ್ಡಿ ಮುರಿದಂತೆ ಕೇಳುತ್ತಿದ್ದಳು. ಅವರು ಬರುತ್ತಿದ್ದರು.

ಈ ಎಲ್ಲ ಪಟ್ಟಿಗಳಿಗೂ ಪಟ್ಟದರಾಣಿ ಎಂದರೆ ಹೊರಡುವ ಹೊತ್ತಿನ ಪಟ್ಟಿ. ಈ ಪಂದ್ಯದಲ್ಲಿ ಎಲ್ಲರೂ ಒಟ್ಟಿಗೆ ಹೊರಡುವುದಿಲ್ಲ. ನಿಧಾನದ ದೋಣಿ ಮೊದಲು, ಅದಕ್ಕಿಂತ ಚುರುಕಾದದ್ದು ಕೆಲವು ನಿಮಿಷ ಬಿಟ್ಟು, ಎಲ್ಲಕ್ಕಿಂತ ಚುರುಕಾದದ್ದು ಕೊನೆಗೆ. ಯಾವ ಜಾತಿಯ ದೋಣಿಗೆ ಎಷ್ಟು ನಿಮಿಷ ಎಂಬ ಕೋಷ್ಟಕ ಗೋಡೆಯ ಮೇಲೇ ಇದೆ; ಗುಣಿಸಿ, ಭಾಗಿಸಿ ಲೆಕ್ಕ ಹಾಕುವುದು ಗಂಟೆಯಕ್ಕನ ಕೆಲಸ. ಲೆಕ್ಕ ಸರಿಯಿದ್ದರೆ, ದೋಣಿ ನಡೆಸುವವರೂ ಸಮನಾಗಿದ್ದರೆ, ಹದಿನಾಲ್ಕೂ ದೋಣಿಗಳು ಒಂದೇ ಹೊತ್ತಿಗೆ ದಡ ಸೇರಬೇಕು. ಎಲ್ಲರೂ ಒಟ್ಟಿಗೆ ಬರಬೇಕು, ಒಟ್ಟಿಗೆ ಉಣ್ಣಬೇಕು. ಅದಕ್ಕೇ ಕ್ಲಬ್ಬಿನಲ್ಲಿ ಹಿಂದಿನಿಂದ ಬಂದ ಒಂದು ಪದ್ಧತಿ: ಕೊನೆಯ ದೋಣಿ ಮುಟ್ಟುವವರೆಗೆ ಸೂಪಿನ ಪಾತ್ರೆಯ ಮುಚ್ಚಳ ತೆಗೆಯುವಂತಿಲ್ಲ.

ಆ ಕೊನೆಯ ದೋಣಿ ಈಚಿನ ವರ್ಷಗಳಲ್ಲಿ ಯಾವಾಗಲೂ ಗಂಟೆಯಕ್ಕನ ಅಣ್ಣನದೇ.

ಅಣ್ಣ ಬಡಗಿ. ಎಪ್ಪತ್ತನಾಲ್ಕು ವರ್ಷ. ಅಮ್ಮ ಮೊದಲೇ ಹೋಗಿದ್ದಳು; ಅಪ್ಪನೂ ತೀರಿಕೊಂಡಾಗ ಇವಳಿಗೆ ಐದು, ಅವನಿಗೆ ಹದಿನಾರು. ಶಾಲೆ ಬಿಟ್ಟು ಉಳಿ ಹಿಡಿದು, ತಂಗಿಯ ಜಡೆ ಹೆಣೆಯುವುದನ್ನೂ ಪಕ್ಕದ ಮನೆಯವರಿಂದ ಕಲಿತ. ಮೊದಮೊದಲು ಜಡೆ ಹೆಣೆದರೆ ಬುಟ್ಟಿ ಹೆಣೆದಂತಿರುತ್ತಿತ್ತು. ಶಾಲೆಯಲ್ಲಿ ಹುಡುಗಿಯರು ನಕ್ಕರೆಂದು ಇವಳು ಅತ್ತದ್ದೂ ಉಂಟು. ಭಾಗಾಕಾರ ಕಲಿಸಿದ್ದೂ ಅವನೇ, ಹಲಗೆಯ ಮೇಲೆ ಬಡಗಿಯ ಪೆನ್ಸಿಲಿನಲ್ಲಿ. ಕಿತ್ತುಹಾಕಿದ ಹಳೆಯ ಬಾಗಿಲುಗಳ ಹಲಗೆ ಕೂಡಿಸಿ ಅವನು ಮಾಡಿಕೊಂಡ ದೋಣಿಗೆ ಊರಿನವರು 'ಬಾಗಿಲು' ಎಂದೇ ಹೆಸರಿಟ್ಟರು, ಅದೇ ನಿಂತಿತು. ಭಾನುವಾರ ಅವನು ಕೆರೆಗಿಳಿದರೆ ತಂಗಿಯನ್ನು ಮನೆಯಲ್ಲಿ ಬಿಡುವಂತಿಲ್ಲ, ದೋಣಿ ಹತ್ತಿಸಿದರೆ ಅವಳಿಗೆ ಹೊಟ್ಟೆ ತೊಳಸಿ ವಾಂತಿ. ಹಾಗಾಗಿ ಮಗು ನೀರಿಗೆ ಬೀಳದಿರಲೆಂದು ಸೊಂಟಕ್ಕೊಂದು ಹಗ್ಗ ಸುತ್ತಿ ಕಟ್ಟೆಯ ಕಂಬಕ್ಕೆ ಕಟ್ಟಿ, ಅಪ್ಪನ ಕೈಗಡಿಯಾರವನ್ನು ಅವಳ ಕೈಗೆ ಕೊಟ್ಟು, "ಪುಟ್ಟೀ, ನಾನು ಕೆರೆ ಮಧ್ಯದ ಆ ಕಂಬ ಸುತ್ತಿ ಬರೋಕೆ ಎಷ್ಟು ನಿಮಿಷ ಆಗತ್ತೆ ನೋಡ್ತಿರು. ಕಣ್ಣು ಆಚೆ ತೆಗೀಬೇಡ" ಎನ್ನುತ್ತಿದ್ದ. ಅವಳು ತೆಗೆಯಲಿಲ್ಲ. ಆಮೇಲೆ ಐವತ್ತೆಂಟು ವರ್ಷ ತೆಗೆಯಲೇ ಇಲ್ಲ ನೋಡಿ.

ಈಗ ಅಣ್ಣನ ಬಲಗೈ ನಡುಗುತ್ತದೆ. ಹಾಯಿಯ ಹಗ್ಗ ಎಳೆದು ಹಿಡಿಯುವಷ್ಟರಲ್ಲಿ ಗಾಳಿ ಬಂದು ಹೋಗಿರುತ್ತದೆ. ಮೂರು ವರ್ಷದ ಹಿಂದೆ ಒಂದು ಗಂಟೆಗೆ ಎರಡು ನಿಮಿಷ ಮೊದಲು ಮುಟ್ಟಿದ್ದ. ಮರುವರ್ಷ ಒಂದು ಹನ್ನೆರಡು. ಕಳೆದ ವರ್ಷ ಒಂದು ಇಪ್ಪತ್ತು. ಇಲ್ಲಿ ಗಂಟೆಯಕ್ಕನ ಮೊದಲ ಕಳ್ಳತನ ಹೇಳಿಬಿಡಬೇಕು. ಅಣ್ಣ ಹೊರಡಬೇಕಾದದ್ದು ಹನ್ನೊಂದಕ್ಕೆ. ಎರಡು ವರ್ಷದ ಹಿಂದೆ ಪಟ್ಟಿಯಲ್ಲಿ ನಾಲ್ಕು ನಿಮಿಷ ಮೊದಲೇ ಬರೆದಳು, ಕಳೆದ ವರ್ಷ ಏಳು. ಆಕೆಯ ಪಟ್ಟಿ ಎಂದರೆ ಶಿಲಾಶಾಸನ, ಯಾರೂ ಕೂಡಿ ಕಳೆದು ನೋಡುವವರಿಲ್ಲ. ಆದರೆ ಎಷ್ಟು ಕೊಟ್ಟರೂ ಅಣ್ಣ ತಡವಾಗುತ್ತಲೇ ಹೋದ. ಕೊಟ್ಟ ನಿಮಿಷಗಳನ್ನು ಯಾರೋ ನುಂಗಿಬಿಟ್ಟಂತೆ! ಅಯ್ಯೋ, ಇವನಿಗೆ ನಾನಂದುಕೊಂಡದ್ದಕ್ಕಿಂತ ಬೇಗ ವಯಸ್ಸಾಗ್ತಿದೆಯಲ್ಲ ಎಂದು ಒಳಗೊಳಗೇ ಬೆಂದಳು.

ಕಳೆದ ವರ್ಷ ಅವನು ಬರುವಷ್ಟರಲ್ಲಿ ಸೂಪು ಕೆನೆಗಟ್ಟಿತು, ಮಕ್ಕಳು ಹಸಿವಿಗೆ ರಂಪ ಮಾಡಿದವು, ಹಲ್ಲಿನ ಡಾಕ್ಟರ ಅತ್ತೆ, ಸಕ್ಕರೆ ಕಾಯಿಲೆಯವರು, ತಲೆಸುತ್ತಿ ಕೂತರು. ಹಲ್ಲಿನ ಡಾಕ್ಟರು ಕೆಟ್ಟವರಲ್ಲ. ಹಲ್ಲು ಕೀಳುವ ಮೊದಲು ಮೂರು ಸಲ ಕ್ಷಮೆ ಕೇಳುವ ಜೀವ. ಈ ಸಲದ ಸಭೆಯಲ್ಲಿ ಮೇಜು ನೋಡುತ್ತ ಹೇಳಿದರು: "ಒಂದು ಗಂಟೆ ಅಂತ ಗೆರೆ ಎಳೆಯೋಣ. ಒಂದಕ್ಕೆ ಅಕ್ಕ ಹಾರ್ನ್ ಊದ್ತಾರೆ. ಆಗಲೂ ನೀರಲ್ಲಿ ಇದ್ದವರನ್ನ ಮೋಟಾರು ದೋಣಿ ಹಗ್ಗ ಹಾಕಿ ಎಳ್ಕೊಂಡು ಬರತ್ತೆ. ಯಾರನ್ನೂ ಉದ್ದೇಶಿಸಿ ಹೇಳ್ತಿಲ್ಲ."

ಎಲ್ಲರೂ ಬಡಗಿಯಣ್ಣನತ್ತ ನೋಡಬಾರದೆಂದು ಸೂರು ನೋಡಿದರು. ಅಣ್ಣ ಎದ್ದು ನಿಂತ. "ಸರಿಯಾಗೇ ಇದೆ. ಬಿಸಿ ಊಟ ಎಲ್ಲರಿಗೂ ಬೇಕು" ಎಂದ. ಆಮೇಲೆ ತಂಗಿಯ ಕಡೆ ತಿರುಗಿ, ಹವಾಮಾನ ಹೇಳುವವನಷ್ಟೇ ತಣ್ಣಗೆ ಅಂದ: "ಐವತ್ತೆಂಟು ವರ್ಷದಲ್ಲಿ ನನ್ನ ದೋಣಿಗೆ ಇನ್ನೊಬ್ಬರ ಹಗ್ಗ ಬಿದ್ದಿಲ್ಲ. ಬಿದ್ದ ದಿನ 'ಬಾಗಿಲು' ಯಾರಿಗಾದ್ರೂ ಕೊಟ್ಟುಬಿಡ್ತೀನಿ."

ಅಣ್ಣ ಮಾತು ಆಡುವುದು ಕಡಿಮೆ, ಆಡಿದ್ದನ್ನು ಬಿಡುವುದು ಅದಕ್ಕಿಂತ ಕಡಿಮೆ. ಅತ್ತಿಗೆ ತೀರಿಕೊಂಡ ಮೇಲೆ ಅವನನ್ನು ಬೆಳಿಗ್ಗೆ ಹಾಸಿಗೆಯಿಂದ ಎಬ್ಬಿಸುತ್ತಿದ್ದದ್ದು ಆ ದೋಣಿ. ವಾರವಿಡೀ ಅದಕ್ಕೆ ಬಣ್ಣ, ಎಣ್ಣೆ, ಮರಳು ಕಾಗದ. ಅದೊಂದು ಹೋದರೆ ಅವನು ಕುರ್ಚಿ ಹಿಡಿದು ಕೂತುಬಿಡುತ್ತಾನೆ, ಕೂತವನು ಏಳುವುದಿಲ್ಲ. ಇದು ಗಂಟೆಯಕ್ಕನಿಗೆ ಸ್ಪಷ್ಟವಾಗಿ ಗೊತ್ತಿತ್ತು.

ಮರುದಿನ ಮಧ್ಯಾಹ್ನ ಊಟದ ಮೇಜಿನ ಮೇಲೆ ರಟ್ಟು ಹರಡಿ ಪಟ್ಟಿ ಬರೆಯಲು ಕೂತಳು. ಹೋದ ವರ್ಷ ಒಂದು ಇಪ್ಪತ್ತು. ಏಳು ಕೊಟ್ಟ ಮೇಲೂ ಅಷ್ಟು, ಹಾಗಾಗಿ ಇಪ್ಪತ್ತೇಳು ಕೊಡಬೇಕು; ಅಷ್ಟಕ್ಕೆ ಧೈರ್ಯ ಸಾಲದು, ಇಪ್ಪತ್ತು ಕೊಟ್ಟರೆ ಮಿಕ್ಕ ಏಳನ್ನು ಗಾಳಿ ಕೊಟ್ಟೀತು. ಎದುರಿಗಿದ್ದ ಗೋಡೆ ಗಡಿಯಾರವನ್ನು ನೋಡಲಾರದೆ ಕುರ್ಚಿಯನ್ನು ಆಚೆ ತಿರುಗಿಸಿಕೊಂಡು, "ಬಾಗಿಲು — 10.40" ಎಂದು ಬರೆದಳು. ಎರಡನೆಯ ದೋಣಿ 11.12. ಮಿಕ್ಕದ್ದೆಲ್ಲ ಸತ್ಯ.

ಪಂದ್ಯದ ದಿನ ಬೆಳಿಗ್ಗೆ ಬಾಯಿಂದ ಹೊಗೆ ಬರುವಂಥ ಚಳಿ. ಮಂಜು ಕೆರೆಯ ಮೇಲೆ ಎದ್ದು ಹೋಗಲು ಮನಸ್ಸಿಲ್ಲದೆ ಕೂತಿತ್ತು. ಡಾಕ್ಟರು ಪಟ್ಟಿಯ ಮುಂದೆ ನಿಂತು ಕೈ ಉಜ್ಜಿಕೊಳ್ಳುತ್ತ, "ಓಹೋ, ಈ ಸಲ ಅಣ್ಣಾವ್ರಿಗೆ ಹತ್ತು ನಲವತ್ತಾ?" ಎಂದರು, ಬರೀ ಮಾತಿಗೆ.

"ಗಾಳಿ ಕಮ್ಮಿ ಇದೆ ಅಂತ ರೇಡಿಯೋದಲ್ಲಿ ಹೇಳಿದ್ರಲ್ಲ. ಅದಕ್ಕೇ. ಗಾಳಿ ನೋಡಿ ಹಾಕಿದೀನಿ. ಲೆಕ್ಕ ಬೇಕಾದ್ರೆ ತೋರಿಸ್ತೀನಿ. ತೋರಿಸ್ಲಾ?"

"ಅಯ್ಯೋ, ನಾನೇನೂ ಕೇಳ್ಲಿಲ್ವಲ್ಲ ಅಕ್ಕ!" ಎಂದು ಡಾಕ್ಟರು ಹಿಂದೆ ಸರಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಗಂಟೆಯಕ್ಕನ ಕಿವಿ ಆ ಚಳಿಯಲ್ಲೂ ಬಿಸಿಯಾಯಿತು.

ಅಣ್ಣ ಪಟ್ಟಿಯನ್ನು ಒಮ್ಮೆ ಓದಿದ. ಕಿವಿ ಮುಚ್ಚುವ ಟೋಪಿ ಎಳೆದುಕೊಂಡು 'ಬಾಗಿಲ'ನ್ನು ನೀರಿಗೆ ತಳ್ಳಿದ. ಹತ್ತು ನಲವತ್ತಕ್ಕೆ ಗಂಟೆಯಕ್ಕ ಹಾರ್ನ್ ಊದಿದಳು. ಊದಿದವಳೇ, ಪ್ರತಿ ವರ್ಷದಂತೆ, ಅಡುಗೆ ಮೂಲೆಗೆ ಓಡಿದಳು. ಮೊದಲ ದೋಣಿಗೂ ಎರಡನೆಯದಕ್ಕೂ ನಡುವಿನ ಹೊತ್ತಿನಲ್ಲೇ ಆಲೂಗಡ್ಡೆ ಒಲೆಗೇರಬೇಕು. ಹಾಗಾಗಿ ಅಣ್ಣ ಹೊರಡುವುದನ್ನು ಅವಳು ನೋಡಿದ್ದೇ ಇಲ್ಲ. ಈ ಸಲ ಆಲೂಗಡ್ಡೆ ಕುದಿಯುವ ಮೊದಲೇ ಉರಿ ನೀಲಿಯಿಂದ ಹಳದಿಯಾಗಿ ಪುಸಕ್ಕೆಂದು ಆರಿಹೋಯಿತು. ಗ್ಯಾಸು ಖಾಲಿ. "ಇವತ್ತೇ ಆಗ್ಬೇಕಿತ್ತಾ ನಿಂಗೆ?" ಎಂದು ಸಿಲಿಂಡರಿಗೆ ಬೈದು, ಬದಲಾಯಿಸಲು ಕೊಳಾಯಿಯವನನ್ನು ಕರೆಯಲೆಂದು ಕಟ್ಟೆಗೆ ವಾಪಸ್ ಬಂದಳು.

ಬಂದವಳು ಅಲ್ಲೇ ನಿಂತಳು. ಕಟ್ಟೆಯ ಎಡಕ್ಕೆ, ಅಡುಗೆ ಕಿಟಕಿಗೆ ಕಾಣದ ಹಾಗೆ ಜೊಂಡಿನ ಮರೆಯಲ್ಲಿ, 'ಬಾಗಿಲು' ನಿಂತಿತ್ತು. ಹಾಯಿ ಸಡಿಲಬಿಟ್ಟು ಪಟಪಟ ಬಡಿಯುತ್ತಿತ್ತು. ಅಣ್ಣ ತಲೆ ಬಗ್ಗಿಸಿ ಕೂತಿದ್ದ. ಹಾರ್ನ್ ಊದಿ ಎಂಟು ನಿಮಿಷವಾಗಿತ್ತು.

"ಅಯ್ಯಯ್ಯೋ! ಕೈ ಹಿಡ್ಕೊಂಡಿರ್ಬೇಕು! ಮೋಟಾರು ಹಚ್ಚೋ, ಬೇಗ!" ಎಂದು ಕೊಳಾಯಿಯವನ ತೋಳು ಹಿಡಿದು ಅಲ್ಲಾಡಿಸಿದಳು.

ಅವನು ಅಲ್ಲಾಡಲಿಲ್ಲ. ಮುಖ ಕೆರೆದುಕೊಂಡ. "ಏನೂ ಆಗಿಲ್ಲ ಅಕ್ಕ. ಗಡಿಯಾರ ನೋಡ್ತಿದಾರೆ."

"ಗಡಿಯಾರ ಯಾಕೆ?"

"ಪ್ರತಿ ವರ್ಷ ನೋಡ್ತಾರಲ್ಲ. ಹೋದ ವರ್ಷ ಏಳು ನಿಮಿಷ ನಿಂತಿದ್ರು, ಅದಕ್ಕೂ ಹಿಂದೆ ನಾಲ್ಕು. ಹನ್ನೊಂದಾದ ಮೇಲೇ ಹೊರಡೋದು. ನಾನು ಒಂದ್ಸಲ ಕೇಳಿದೆ. 'ನನ್ನ ಹೊತ್ತು ಹನ್ನೊಂದು ಕಣಯ್ಯ, ಮಿಕ್ಕಿದ್ದು ನನ್ನ ತಂಗೀದು' ಅಂದ್ರು. ನಿಮಗೆ ಹೇಳಬೇಡ ಅಂತ ಆಣೆ ಹಾಕಿಸ್ಕೊಂಡಿದ್ರು." ಸ್ವಲ್ಪ ತಡೆದು, "ಈಗ ನೀವೇ ನೋಡಿದ್ರಿ. ನಾನು ಹೇಳಿದ ಹಾಗಾಗಲಿಲ್ಲ ತಾನೇ?" ಎಂದ.

ಗಂಟೆಯಕ್ಕ ಬೋರಲು ಹಾಕಿದ್ದ ಬಕೆಟ್ಟಿನ ಮೇಲೆ ಕುಸಿದು ಕೂತಳು. ಕೊಟ್ಟ ನಿಮಿಷಗಳನ್ನು ನುಂಗಿದವರು ಯಾರೆಂದು ಈಗ ತಿಳಿಯಿತು. ಮೊದಲು ಬಂದದ್ದು ಸಿಟ್ಟು: ಹಠಮಾರಿ ಮುದುಕ, ಕೈ ನಡುಗಿದರೂ ಜಂಬ ನಡುಗಲಿಲ್ಲ! ಅದರ ಹಿಂದೆಯೇ ನಾಚಿಕೆ ಬಂತು. ಅದರ ಹಿಂದೆ, ಅವೆರಡನ್ನೂ ತಳ್ಳಿಕೊಂಡು, ಎದೆ ತುಂಬಿ ಬಂತು. ಅವನೊಬ್ಬನೇ ಆ ಚಳಿಯಲ್ಲಿ, ಜೊಂಡಿನ ಮರೆಯಲ್ಲಿ, ನಡುಗುವ ಕೈಯಿಂದ ಅಪ್ಪನ ಗಡಿಯಾರವನ್ನು ಕಣ್ಣ ಹತ್ತಿರ ಹಿಡಿದು, ಅವಳ ಸುಳ್ಳನ್ನು ಒಂದೊಂದೇ ನಿಮಿಷವಾಗಿ ಯಾರಿಗೂ ಗೊತ್ತಾಗದಂತೆ ಅಳಿಸುತ್ತ ಕೂತಿದ್ದ. ಮಾನ ಉಳಿಸುತ್ತಿದ್ದದ್ದು ತನ್ನದಲ್ಲ, ತಂಗಿಯದು. ಕಣ್ಣೀರು ಕೆನ್ನೆಯ ಮೇಲೆ ತಣ್ಣಗೆ ಹರಿಯಿತು, ಒರೆಸಿಕೊಳ್ಳಲಿಲ್ಲ. ಹನ್ನೊಂದು ಹೊಡೆಯಲು ಸರಿಯಾಗಿ ಅಣ್ಣ ಹಾಯಿಯ ಹಗ್ಗ ಎಳೆದ, 'ಬಾಗಿಲು' ಹೊರಡುವ ಗೆರೆ ದಾಟಿ ಹೊರಟಿತು.

"ನಿಂತ್ಕೊಂಡೇನು ನೋಡ್ತೀಯ? ಗ್ಯಾಸು ಬದಲಾಯಿಸು ಹೋಗು" ಎಂದು ಕೊಳಾಯಿಯವನಿಗೆ ಗದರಿದಳು. ಹನ್ನೊಂದು ಹನ್ನೆರಡಕ್ಕೆ ಎರಡನೆಯ ಹಾರ್ನ್ ಊದಿದಳು.

ಹನ್ನೆರಡೂವರೆಯಿಂದ ದೋಣಿಗಳು ಮುಟ್ಟತೊಡಗಿದವು. ಊರ ಆಸ್ಪತ್ರೆಯ ನರ್ಸಮ್ಮನ ದೋಣಿ ಮೊದಲು, ಅದರ ಬಾಲಕ್ಕೇ ಡಾಕ್ಟರದು, ಆಮೇಲೆ ಮಿಕ್ಕವೆಲ್ಲ ಗುಂಪಾಗಿ. ತಂತಿಯ ಮೇಲೆ ಕಾಲುಚೀಲಗಳು ಹಬೆಯಾಡಿದವು, ಒಳಗೆ ಗದ್ದಲ, ನಗು. ಹನ್ನೆರಡು ಐವತ್ತಕ್ಕೆ ಹದಿಮೂರು ದೋಣಿ ದಡದಲ್ಲಿದ್ದವು. ಹದಿನಾಲ್ಕನೆಯದು, ರೇಡಿಯೋ ಹೇಳಿದ್ದಕ್ಕಿಂತ ಚೆನ್ನಾಗಿ ಬೀಸಿದ ಗಾಳಿಯಲ್ಲಿ, ಆಗಲೇ ಕೊನೆಯ ತಿರುವು ದಾಟಿ ನೆಟ್ಟಗೆ ಕಟ್ಟೆಯ ಕಡೆ ಬರುತ್ತಿತ್ತು. ಬರುತ್ತದೆ, ಬಂದೇಬಿಡುತ್ತದೆ ಎಂದು ಗಂಟೆಯಕ್ಕ ತುಟಿ ಕಚ್ಚಿಕೊಂಡಳು. ಐವತ್ತೈದಕ್ಕೆ ಗಾಳಿ ನಿಂತುಹೋಯಿತು. ಹಾಯಿ ಜೋತುಬಿತ್ತು. ದೋಣಿ ಮುಟ್ಟುವ ಗೆರೆಗೆ ಎರಡು ಬಸ್ಸಿನ ಉದ್ದದಷ್ಟು ದೂರದಲ್ಲಿ ನೀರಿಗೆ ಅಂಟಿಕೊಂಡು ನಿಂತಿತು.

ಎಲ್ಲರೂ ತಟ್ಟೆ ಹಿಡಿದೇ ಹೊರಗೆ ಬಂದರು. ಐವತ್ತೆಂಟು. ಹಲ್ಲಿನ ಡಾಕ್ಟರು ಗಂಟೆಯಕ್ಕನ ಪಕ್ಕಕ್ಕೆ ಬಂದು, ಗಂಟಲು ಸರಿಮಾಡಿಕೊಂಡು, ಮೆಲ್ಲಗೆ ಹೇಳಿದರು: "ಅಕ್ಕ, ನಿಮ್ಮ ಗಡಿಯಾರ ಒಂದೈದು ನಿಮಿಷ ಮುಂದೆ ಇರಬಹುದು. ನನ್ನದರಲ್ಲಿ ಇನ್ನೂ ಹೊತ್ತಿದೆ." ಅವರ ಕೈಯಲ್ಲಿ ಗಡಿಯಾರವೇ ಇರಲಿಲ್ಲ.

"ಊದ್ಬೇಡಿ ಅಕ್ಕ" ಎಂದಿತು ಹಿಂದಿನಿಂದ ಒಂದು ದನಿ. "ನಮಗೆ ಹಸಿವೇ ಇಲ್ಲ" ಎಂದಿತು ಇನ್ನೊಂದು.

ಆ ದಿನ ಬೆಳಿಗ್ಗೆ ಯಾರಾದರೂ ಹೀಗೆ ಹೇಳಿದ್ದರೆ ಗಂಟೆಯಕ್ಕ ಅವರ ಕೈ ಹಿಡಿದು ಕಣ್ಣಿಗೊತ್ತಿಕೊಳ್ಳುತ್ತಿದ್ದಳು. ಈಗ ಅಣ್ಣನ ಕಡೆ ನೋಡಿದಳು. ಅಣ್ಣ ಅವಳನ್ನು ನೋಡುತ್ತಿರಲಿಲ್ಲ. ಮುಂಗೈ ಎತ್ತಿ ಗಡಿಯಾರ ನೋಡುತ್ತಿದ್ದ. ಇವನಿಗೆ ನಾನು ಕೊಡಬಹುದಾದ್ದು ಒಂದೇ ಉಳಿದಿದೆ, ಸರಿಯಾದ ಹೊತ್ತು ಎಂದು ಅವಳಿಗೆ ಅನ್ನಿಸಿತು. ಸೆಕೆಂಡಿನ ಮುಳ್ಳು ನೆಟ್ಟಗಾದ ಕೂಡಲೇ ಹಾರ್ನ್ ಊದಿದಳು. ಒಂದು ಗಂಟೆ.

ಯಾರೋ ನಿಟ್ಟುಸಿರು ಬಿಟ್ಟರು. ಕೊಳಾಯಿಯವನು ಮೋಟಾರು ದೋಣಿಗೆ ಇಳಿಯುವಷ್ಟರಲ್ಲಿ ಗಂಟೆಯಕ್ಕ ಹಾರ್ನನ್ನು ಡಾಕ್ಟರ ಕೈಗೆ ತುರುಕಿ, ಸೆರಗು ಬಿಗಿದು, ಅವನ ಹಿಂದೆಯೇ ಇಳಿದಳು.

"ನೀವೆಲ್ಲಿಗೆ ಅಕ್ಕ? ನಿಮಗೆ ನೀರು ಆಗಲ್ವಲ್ಲ!"

"ಆಗದಿದ್ರೆ ವಾಂತಿ ಮಾಡ್ಕೋತೀನಿ. ನಡಿ."

ಐವತ್ತಕ್ಕೂ ಹೆಚ್ಚು ವರ್ಷಗಳಲ್ಲಿ ಮೊದಲ ಸಲ ಅವಳ ಕಾಲಡಿ ನೆಲ ತೂಗಿತು. ಒಂದು ಕೈಯಲ್ಲಿ ದೋಣಿಯ ಅಂಚು, ಇನ್ನೊಂದರಲ್ಲಿ ಹಗ್ಗದ ಸುರುಳಿ ಹಿಡಿದು, ಕಣ್ಣು ಮುಚ್ಚಿ ಕೂತಳು. ತೆರೆದಾಗ ಎದುರಿಗೆ ಅಣ್ಣ. ಚಳಿಗೆ ಮೂಗು ಕೆಂಪಾಗಿತ್ತು.

"ಸೆಕೆಂಡೂ ಆಚೀಚೆ ಆಗಲಿಲ್ಲ" ಎಂದ ಅಣ್ಣ, ಗಡಿಯಾರ ತಟ್ಟಿ ತೋರಿಸುತ್ತ. ಮಗುವಿಗೆ ಶಾಬಾಸ್ ಹೇಳುವ ದನಿ.

"ನೋಡಿದೆ ಅಣ್ಣ, ಬೆಳಿಗ್ಗೆ. ಜೊಂಡಿನ ಹಿಂದೆ." ಅವಳು ಹಗ್ಗದ ಸುರುಳಿ ಬಿಚ್ಚತೊಡಗಿದಳು. "ಯಾಕೆ ಹೇಳ್ಲಿಲ್ಲ ನಂಗೆ?"

"ನಿಂಗೆ ಭಾಗಾಕಾರ ಕಲಿಸಿದ್ದು ಯಾರು? ತಪ್ಪು ಲೆಕ್ಕ ನಂಗೆ ಗೊತ್ತಾಗಲ್ವಾ?" ಅಣ್ಣ ನಕ್ಕ. "ಹೇಳಿದ್ರೆ ನೀನು ಮೂರು ದಿನ ಊಟ ಬಿಡ್ತಿದ್ದೆ. ನಿನ್ನ ಸಪ್ಪೆ ಮುಖ ನೋಡೋಕಾಗ್ತಿತ್ತಾ ನನ್ನ ಕೈಲಿ?"

ಹಗ್ಗದ ತುದಿಯನ್ನು ಅವಳು ಚಾಚಿದಳು. ಅಣ್ಣ ಅದನ್ನು ನೋಡಿದ. ನೋಡುತ್ತಲೇ ಇದ್ದ. ಕೊಳಾಯಿಯವನು ಮೋಟಾರಿನಲ್ಲಿ ಏನೋ ಕೆಟ್ಟಿರುವಂತೆ ಬೆನ್ನು ತಿರುಗಿಸಿ ಬಗ್ಗಿದ. ಕೊನೆಗೆ ಅಣ್ಣ ಹಗ್ಗ ಇಸಿದುಕೊಂಡು ದೋಣಿಯ ಮುಂತುದಿಯ ಕಬ್ಬಿಣದ ಬಳೆಗೆ ಕಟ್ಟಲು ಹೋದ. ಬೆರಳುಗಳು ಒಂದಕ್ಕೊಂದು ತಾಗಿ ಗಂಟು ಜಾರಿತು. ಮತ್ತೆ ಹಾಕಿದ, ಮತ್ತೆ ಜಾರಿತು. ಗಂಟೆಯಕ್ಕ ಮುಂದಕ್ಕೆ ಬಾಗಿ, ಅವನ ಕೈಗಳನ್ನು ಮೆಲ್ಲಗೆ ಸರಿಸಿ ತಾನೇ ಕಟ್ಟಿದಳು. ಎರಡು ಸುತ್ತು, ಒಳಗಿಂದ ಒಂದು ಎಳೆತ. ಅವಳಿಗೆ ಗೊತ್ತಿದ್ದ ಗಂಟು ಅದೊಂದೇ; ಕಟ್ಟೆಯ ಕಂಬಕ್ಕೆ ಕಟ್ಟಿಹಾಕಿದ್ದ ಐದು ವರ್ಷದ ಮಗು, ಬಿಚ್ಚಿಕೊಳ್ಳಲು ನೋಡಿ ನೋಡಿ, ಬಿಚ್ಚಲಾಗದೆ ಕಲಿತ ಗಂಟು.

ಅಣ್ಣ ಆ ಗಂಟನ್ನು ಎಳೆದು ನೋಡಿದ. "ಇದು ನಂದಲ್ವಾ?"

"ನಿಂದೇ."

ಕೊಳಾಯಿಯವನು ಮೋಟಾರು ಹಚ್ಚಿ ಎಳೆದ. ದಡದಲ್ಲಿ ಯಾರೂ ಚಪ್ಪಾಳೆ ತಟ್ಟಲಿಲ್ಲ, ಯಾರೂ ಪಾಪ ಎನ್ನಲಿಲ್ಲ. ನಾಲ್ಕು ಜನ ಮೊಣಕಾಲುದ್ದದ ತಣ್ಣೀರಿಗೆ ಇಳಿದು 'ಬಾಗಿಲ'ನ್ನು ಎತ್ತಿ ಜೋಪಾನವಾಗಿ ಮೇಲೆ ತಂದಿಟ್ಟರು.

ಒಳಗೆ ಮೂವತ್ತಾರು ಜನ ಮೇಜಿನ ಸುತ್ತ. ಗಂಟೆಯಕ್ಕ ಬಿಳಚಿದ ಮುಖದಲ್ಲೇ ಪಾತ್ರೆಯ ಮುಚ್ಚಳದ ಮೇಲೆ ಕೈಯಿಟ್ಟು ನಿಂತಳು. "ಮೊದಲು ಒಂದು ಮಾತು ಹೇಳ್ಬೇಕು. ಈ ವರ್ಷದ ಪಟ್ಟಿಯಲ್ಲಿ ಒಂದು ಸುಳ್ಳಿದೆ. ಬರೆದವಳು ನಾನೇ. ಹೋದ ವರ್ಷವೂ ಬರೆದಿದ್ದೆ, ಅದಕ್ಕೂ ಹಿಂದಿನ ವರ್ಷವೂ..."

"ಗೊತ್ತು ಅಕ್ಕ!" ಎಂದರು ನರ್ಸಮ್ಮ. "ನಾವೆಲ್ಲ ಕಟ್ಟೆ ಮೇಲೇ ಇರ್ತಿದ್ವಲ್ಲ, ನೀವೊಬ್ಬರೇ ಆಲೂಗಡ್ಡೆ ಹತ್ರ."

"ಎಲ್ರಿಗೂ ಗೊತ್ತು. ಮುಚ್ಚಳ ತೆಗೀರಿ, ಹೊಟ್ಟೆ ತಾಳ ಹಾಕ್ತಿದೆ" ಎಂದರು ಡಾಕ್ಟರು. ಡಾಕ್ಟರ ಅತ್ತೆ ಆಗಲೇ ಚಮಚ ಹಿಡಿದಿದ್ದರು.

ಮುಚ್ಚಳ ತೆಗೆದಳು. ಹಬೆ ಮುಖಕ್ಕೆ ರಾಚಿತು, ಕಣ್ಣು ಒರೆಸಿಕೊಳ್ಳಲು ಒಳ್ಳೆಯ ನೆಪವಾಯಿತು. ಎಲ್ಲರಿಗೂ ಬಡಿಸಿ ಅಣ್ಣನ ಪಕ್ಕ ಬಂದು ಕೂತಳು. ಅಣ್ಣ ಎಡಗೈಯಿಂದ ಬಲಗೈ ಹಿಡಿದುಕೊಂಡು ಸೂಪು ಕುಡಿಯುತ್ತಿದ್ದ. ಕೇಳಬೇಕಾದದ್ದನ್ನು ಕೇಳಲು ಅವಳಿಗೆ ಧೈರ್ಯ ಸಾಲದೆ ಬ್ರೆಡ್ಡನ್ನು ಪುಡಿ ಮಾಡುತ್ತ ಕೂತಳು. ಕೊನೆಗೂ ಬಾಯಿಂದ ಬಂತು: "ದೋಣಿ... ಯಾರಿಗೆ ಕೊಡ್ತೀಯ ಅಣ್ಣ?"

"ಯಾರಿಗೂ ಇಲ್ಲ."

"ಇನ್ನೊಬ್ಬರ ಹಗ್ಗ ಬಿದ್ರೆ ಕೊಟ್ಟುಬಿಡ್ತೀನಿ ಅಂದಿದ್ದೆ."

"ಬೇರೆಯವರ ಹಗ್ಗ ಬಿತ್ತಾ? ನಿನ್ನ ಸೊಂಟಕ್ಕೆ ನಾನು ಕಟ್ಟಿದ್ದೆ, ಇವತ್ತು ನನ್ನ ದೋಣಿಗೆ ನೀನು ಕಟ್ಟಿದೆ. ಮನೆಯವರೊಳಗಿನ ವಿಷಯ." ಅಣ್ಣ ಬ್ರೆಡ್ಡಿನಿಂದ ಬಟ್ಟಲು ಒರೆಸಿ ಬಾಯಿಗಿಟ್ಟುಕೊಂಡ. ಅಗಿದು ನುಂಗುವವರೆಗೂ ಅವಳನ್ನು ಕಾಯಿಸಿದ. "ಮುಂದಿನ ವರ್ಷ ನನ್ನ ಹೆಸರಿನ ಮುಂದೆ ಹನ್ನೊಂದು ಅಂತ ಬರಿ. ಒಂದು ನಿಮಿಷ ಹೆಚ್ಚು ಕೊಟ್ಟೆಯೋ, ಆಗ ನೋಡು, ದೋಣಿ ಕೊಟ್ಟೇಬಿಡ್ತೀನಿ."

ಗಂಟೆಯಕ್ಕ ಎದ್ದು, ಗೋಡೆಯ ಮೇಲಿದ್ದ ಪಟ್ಟಿಯ ಹತ್ತಿರ ಹೋಗಿ, ಎಲ್ಲರೂ ನೋಡುತ್ತಿರುವಂತೆಯೇ 10.40 ಹೊಡೆದುಹಾಕಿದಳು. ಪಕ್ಕದಲ್ಲಿ ತನ್ನ ದುಂಡನೆಯ ಅಕ್ಷರದಲ್ಲಿ 11.00 ಎಂದು ಬರೆದಳು. ಆಮೇಲೆ ಅಣ್ಣನ ಖಾಲಿ ಬಟ್ಟಲು ತೆಗೆದುಕೊಂಡು ಇನ್ನೊಂದು ಸೌಟು ಸೂಪು ಹಾಕಿಕೊಂಡು ಬಂದಳು. ಅದನ್ನು ಅವನು ವಾಪಸ್ ಕೊಡಲಿಲ್ಲ.